ಹದಿನೇಳನೆಯ ತಿರುವಿನ ಕನ್ನಡಿ

ಭಾನುವಾರ, ಬೆಳಗಿನ ಆರು ಗಂಟೆ. ತೊಗಾಸೆ ಘಾಟಿಯ ಹದಿಮೂರನೆಯ ತಿರುವಿನಲ್ಲಿ ನೀಲಿ ಬಣ್ಣದ ಹೊಚ್ಚಹೊಸ ಸ್ಪೋರ್ಟ್ಸ್ ಕಾರೊಂದು ಟಾಪು ಬಿಚ್ಚಿಕೊಂಡು ನಿಂತಿದೆ. ನವೆಂಬರ್ ತಿಂಗಳ ಈ ಚಳಿಯಲ್ಲಿ ಟಾಪು ಬಿಚ್ಚುವವರು ಒಂದೋ ಹುಚ್ಚರು, ಇಲ್ಲವೇ ಹೊಸದಾಗಿ ಕಾರು ಕೊಂಡವರು. ಒಳಗೆ ಕೂತಿರುವ ಮೊಮೊಸೆ ಫುಮಿಯೆ ಅವರು ಎರಡನೆಯ ಗುಂಪಿನವರು. ಮೊದಲನೆಯದಕ್ಕೂ ಸ್ವಲ್ಪ ಸೇರುತ್ತಾರೆ ಎನ್ನುವುದು ಅವರ ಜೊತೆ ಕೆಲಸ ಮಾಡುವ ಒರಿಹಾರ ಅವರ ಅಭಿಪ್ರಾಯ. ಫುಮಿಯೆ ಅವರ ತಲೆಗೆ ಉಣ್ಣೆಯ ಟೋಪಿ, ಮೈಮೇಲೆ ರಸ್ತೆ ಕೆಲಸದವರ ಕಿತ್ತಳೆ ಜಾಕೆಟ್ಟು, ತೊಡೆಯ ಮೇಲೆ ಕಂಬಳಿ. ರಸ್ತೆಯ ಆಚೆ ಬದಿ ಏಣಿಯ ಮೇಲೆ ನಿಂತ ಒರಿಹಾರ ಅವರ ಕೈಯಲ್ಲಿ ಪಾನಾ ಇದೆ, ಮುಖದ ಮುಂದೆ ಊಟದ ಮೇಜಿನಷ್ಟು ಅಗಲದ ಉಬ್ಬುಗನ್ನಡಿ.

"ಒಂದು ಕೂದಲೆಳೆ ಕೆಳಗೆ ಬಗ್ಸು. ಹಾಂ, ಜಾಸ್ತಿ ಆಯ್ತು. ಅರ್ಧ ಕೂದಲೆಳೆ ವಾಪಸ್ ತಗೋ."

"ಅಕ್ಕಾ, ಪಾನಾದಲ್ಲಿ ಅರ್ಧ ಕೂದಲೆಳೆ ಅಂತ ಗುರುತೇ ಇಲ್ಲ."

"ನಿನ್ ತಲೇಲಿ ಅಷ್ಟಾದ್ರೂ ಉಳಿದಿದ್ಯಲ್ಲ, ಅದನ್ನ ನೋಡಿ ಲೆಕ್ಕ ಹಾಕು."

ಐವತ್ತೆರಡು ವರ್ಷದ ಒರಿಹಾರ ತಮ್ಮ ಬೋಳುತಲೆ ಸವರಿಕೊಂಡು ನಗುತ್ತಾರೆ. ಪಾನಾ ತಿರುಗುತ್ತದೆ. ಕನ್ನಡಿ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಕಾರಿನೊಳಗಿಂದ ಒಂದು ಕೈ ಮೇಲೆದ್ದು ಸಾಕು ಎನ್ನುತ್ತದೆ. ಐವತ್ತಾರು ಕನ್ನಡಿಗಳಲ್ಲಿ ಇದು ಐವತ್ತನಾಲ್ಕನೆಯದು. ಉಳಿದಿರುವುದು ಹದಿನೇಳನೆಯ ತಿರುವಿನ ಜೋಡಿ ಕನ್ನಡಿ ಮಾತ್ರ. ನಾಳೆ ಮಧ್ಯಾಹ್ನ ಘಾಟಿಯ ಗೇಟು ಮುಚ್ಚುತ್ತದೆ. ಆಮೇಲೆ ಹಿಮ. ರಸ್ತೆ ಮತ್ತೆ ತೆರೆಯುವುದು ಏಪ್ರಿಲ್ ಕೊನೆಗೆ.

ಇವರ ಬಗ್ಗೆ ಬರೆಯಲೆಂದು ಬಂದಿರುವ ನಾನು ಈ ರಸ್ತೆಯಲ್ಲಿ ಹದಿನೈದು ವರ್ಷದಿಂದ ಓಡಾಡುತ್ತಿದ್ದೇನೆ. ಪ್ರತಿ ತಿರುವಿನಲ್ಲೂ ಕನ್ನಡಿ ನೋಡಿ, ಎದುರಿಗೆ ಯಾರೂ ಇಲ್ಲವೆಂದು ತಿಳಿದು ನಿಶ್ಚಿಂತೆಯಿಂದ ಮುಂದೆ ಹೋಗಿದ್ದೇನೆ. ಆ ಕನ್ನಡಿಗಳನ್ನು ಒರೆಸುವವರು ಯಾರು ಎಂದು ಒಂದು ದಿನವೂ ಕೇಳಿಕೊಂಡವನಲ್ಲ, ಅವು ತಮ್ಮಷ್ಟಕ್ಕೆ ಹೊಳೆಯುತ್ತವೆ ಎಂದುಕೊಂಡಿದ್ದೆನೋ ಏನೋ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಒರೆಸುವವರು ಫುಮಿಯೆ ಅವರು. ಇಪ್ಪತ್ತಾರು ವರ್ಷದಿಂದ ಅವರೇ. ಇಪ್ಪತ್ಮೂರು ಕಿಲೋಮೀಟರ್ ರಸ್ತೆ, ನಲವತ್ತೊಂದು ತಿರುವು, ಐವತ್ತಾರು ಕನ್ನಡಿ. ದಿನಕ್ಕೆ ಇಪ್ಪತ್ತೆಂಟರಂತೆ ಎರಡು ದಿನದಲ್ಲಿ ಮುಗಿಸಿ, ವಾರದ ಉಳಿದ ದಿನಗಳಲ್ಲಿ ಚರಂಡಿ ಬಿಡಿಸುವುದು, ಹುಲ್ಲು ಕತ್ತರಿಸುವುದು, ಟಾರಿಗೆ ತೇಪೆ ಹಾಕುವುದು. ದಿನಕ್ಕೆ ಒಂಬತ್ತು ಬಕೆಟ್ ನೀರು ಬೇಕು, ಬೇಸಿಗೆಯಲ್ಲಿ ಹುಳುಗಳ ಕಾಟಕ್ಕೆ ಹನ್ನೆರಡು. ಒರೆಸಲು ಹಳೆಯ ಹತ್ತಿಯ ಯುಕತಾ ನಿಲುವಂಗಿಗಳನ್ನು ಹರಿದು ಮಾಡಿದ ಬಟ್ಟೆಯೇ ಆಗಬೇಕು. ಅಂಗಡಿಯ ಬಟ್ಟೆ ಗೆರೆ ಬಿಡುತ್ತದೆ ಎಂದು ಅವರ ದೂರು. ಸದ್ದು ಕೇಳಿ ಕರಡಿ ದೂರ ಹೋಗಲೆಂದು ಸೊಂಟಕ್ಕೆ ಕರಡಿ ಗಂಟೆ ಕಟ್ಟಿಕೊಂಡೇ ಕೆಲಸ, ಏಕೆಂದರೆ ಎರಡು ಸಲ ಕರಡಿ ಎದುರಾಗಿದೆ. ಎರಡು ಸಲವೂ ಓಡಿದ್ದು ಕರಡಿಯಂತೆ. ಏಣಿಯಿಂದ ಬಿದ್ದು ಒಮ್ಮೆ ಕಾಲರ್ ಮೂಳೆ ಮುರಿದಿದೆ. ಪ್ರತಿ ಚಳಿಗಾಲದಲ್ಲೂ ಬೆರಳ ತುದಿಗಳು ಸೀಳುತ್ತವೆ. ಇದನ್ನೆಲ್ಲ ಕೇಳಿದರೆ ಮಾತ್ರ ಹೇಳುತ್ತಾರೆ. ಕೇಳದೆಯೇ ಹೇಳುವುದು ಕಾರಿನ ಬಗ್ಗೆ.

ಭಾನುವಾರ ಬಂತೆಂದರೆ ಘಾಟಿಗೆ ಬಗೆಬಗೆಯ ಕಾರುಗಳು ಬರುತ್ತವೆ. ಏಣಿಯ ಮೇಲಿಂದ ಇಪ್ಪತ್ತಾರು ವರ್ಷ ಅವುಗಳ ನೆತ್ತಿ ನೋಡಿದ್ದೇ ನೋಡಿದ್ದು. ಬೈಕಿನವರು ಇವರಿಗೆ ಕನ್ನಡಿ ಅಜ್ಜಿ ಎಂದು ಹೆಸರಿಟ್ಟಿದ್ದಾರೆ. ಇನ್ನೂ ಐವತ್ತೊಂಬತ್ತಕ್ಕೆ ಅಜ್ಜಿಯೇನು ಎಂದು ಇವರಿಗೆ ಉರಿಯುತ್ತದೆ. ಆ ಉರಿಯಲ್ಲೇ ಕಾರು ಕೊಂಡರೋ ಎಂದು ಕೇಳಿದರೆ ತಲೆ ಅಲ್ಲಾಡಿಸುತ್ತಾರೆ.

"ಎಲ್ರೂ ನನ್ ಮುಂದೇನೇ ನಗ್ತಾ ಹೋಗ್ತಾರೆ. ಈ ರೋಡಲ್ಲಿ ಅಷ್ಟು ಖುಷಿ ಪಡೋದು ಏನಿದೆ, ನಾನೂ ನೋಡೇ ಬಿಡೋಣ ಅನ್ನಿಸ್ತು, ಅಷ್ಟೆ."

ನೋಡೇ ಬಿಡುವುದು ಅಷ್ಟು ಸುಲಭವಿರಲಿಲ್ಲ. ಇಲ್ಲಿನ ಕಾನೂನಿನಂತೆ, ಕಾರು ನಿಲ್ಲಿಸಲು ಜಾಗವಿದೆ ಎಂದು ನಕ್ಷೆ ಬರೆದು ಪೊಲೀಸ್ ಠಾಣೆಗೆ ಕೊಟ್ಟರೆ ತಾನೆ ಕಾರು ಮನೆಗೆ ಬರುವುದು! ಇದ್ದ ಒಂದೇ ಕೊಟ್ಟಿಗೆಯಲ್ಲಿ ಅಮ್ಮನ ಉಪ್ಪಿನಕಾಯಿ ಪೀಪಾಯಿಗಳಿದ್ದವು. ಎಂಬತ್ತೇಳು ವರ್ಷದ ತಾಯಿ ಒಂದು ವಾರ ಮಾತು ಬಿಟ್ಟರು. ಅಕ್ಟೋಬರ್‌ನ ಒಳ್ಳೆಯ ದಿನ ನೋಡಿ ಕಾರು ತಂದು, ದೇವಸ್ಥಾನದಲ್ಲಿ ಪೂಜೆ ಮಾಡಿಸಿ ಮನೆ ಮುಂದೆ ನಿಲ್ಲಿಸಿದಾಗ, ಸಿಟ್ಟು ಮರೆತು ಮೊದಲು ಹತ್ತಿದ್ದೂ ಅವರೇ. ಹತ್ತುವುದೆಲ್ಲಿ ಬಂತು, ಇದು ಬಿಸಿನೀರಿನ ತೊಟ್ಟಿಗೆ ಇಳಿದ ಹಾಗೆ ಇಳಿಯುವುದು ಎಂದರಂತೆ. ಏಳಿಸಲು ಪಕ್ಕದ ಮನೆಯವರನ್ನು ಕರೆಯಬೇಕಾಯಿತು. ಈಗ ದಿನಾ ಸಂಜೆ ಒಂದು ಸುತ್ತು ಹೋಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

ಮೊದಲ ಸಾವಿರ ಕಿಲೋಮೀಟರ್ ಇಂಜಿನ್ನಿಗೆ ಹೆಚ್ಚು ಶ್ರಮ ಕೊಡಬಾರದೆಂದು ಶೋರೂಮಿನವರು ಹೇಳಿದ್ದನ್ನು ಫುಮಿಯೆ ಅವರು ವ್ರತದಂತೆ ಪಾಲಿಸಿದರು. ಹುಲಿ ತಂದು ಹಾಲು ಕುಡಿಸ್ತಿದ್ದೀರಲ್ಲಕ್ಕ ಎಂದು ಒರಿಹಾರ ಗೇಲಿ ಮಾಡಿದರೂ ಜಗ್ಗಲಿಲ್ಲ. ಆ ನಿಧಾನದಲ್ಲೇ ಅವರಿಗೆ ಸುಖ ಸಿಕ್ಕಿತು. ಟಾಪು ಬಿಚ್ಚಿದರೆ ಲಾರ್ಚ್ ಮರಗಳ ವಾಸನೆ ನೇರ ಮೂಗಿಗೆ. ಎರಡನೆಯ ಗೇರಿನಲ್ಲಿ ತಿರುವು ಹತ್ತುವಾಗ ಇಂಜಿನ್ನಿನ ಸದ್ದು ಬೆಟ್ಟಕ್ಕೆ ಬಡಿದು ತಿರುಗಿ ಬರುತ್ತದೆ.

"ಆ ತೇಪೆಗಳನ್ನೆಲ್ಲ ಹಾಕಿದ್ದು ನಾನೇ," ಎನ್ನುತ್ತಾರೆ. "ಆದ್ರೆ ಒಂದೊಂದೂ ಬೆನ್ನಿಗೆ ಗೊತ್ತಾಗಿದ್ದು ಈಗ. ಮೂವತ್ತನೇ ತಿರುವಿಂದು ಸರಿಯಾಗಿ ಕೂತಿಲ್ಲ ನೋಡಿ, ನಾಚಿಕೆ ಆಗತ್ತೆ."

ಹೊಸ ಕಾರೆಂದರೆ ಸಣ್ಣಪುಟ್ಟ ಕಿರಿಕಿರಿಗಳೂ ಜೊತೆಗೇ ಬರುತ್ತವೆ. ಒಂದು ತಿಂಗಳಾದ ಮೇಲೆ ಶೋರೂಮಿನವರು ಕಾರನ್ನು ಪುಕ್ಕಟೆ ತಪಾಸಣೆ ಮಾಡುತ್ತಾರೆ. ಆಗ ಕೇಳಲೆಂದು ಎಲ್ಲವನ್ನೂ ಪುಟ್ಟ ನೋಟ್‌ಬುಕ್ಕಿನಲ್ಲಿ ನಂಬರ್ ಹಾಕಿ ಬರೆದಿಟ್ಟಿದ್ದರು. ನಾನದನ್ನು ನೋಡಿದ್ದೇನೆ. ಚಳಿಗೆ ಟಾಪು ಕಿರುಗುಟ್ಟುತ್ತದೆ. ಹಿಂದಿನ ದೀಪದೊಳಗೆ ಮಂಜು ಕಟ್ಟುತ್ತದೆ. ಇಂಜಿನ್ ಬಿಸಿಯಾಗುವ ತನಕ ಎರಡನೆಯ ಗೇರು ಬೀಳಲು ಮೊಂಡಾಟ. ಚಹಾ ಇಡುವ ಜಾಗ ಮೊಣಕೈಯ ಹಿಂದಿದೆ, ಯಾವ ಪುಣ್ಯಾತ್ಮ ಇಟ್ಟನೋ. ಮನೆ ಮುಂದಿನ ಚರಂಡಿಯ ಕಬ್ಬಿಣದ ಮುಚ್ಚಳಕ್ಕೆ ಕಾರಿನ ಗಲ್ಲ ತಾಗುತ್ತದೆ. ಡಿಕ್ಕಿಯಲ್ಲಿ ಒಂದು ಕಟ್ಟು ನೊಝಾವನಾ ಸೊಪ್ಪೂ ಹಿಡಿಸುವುದಿಲ್ಲ. ಏಳನೆಯದು: ಎಡಕ್ಕೆ ತಿರುಗಿದಾಗ ಎಲ್ಲೋ ಟಿಣ್ ಎನ್ನುತ್ತದೆ, ಬಲಕ್ಕೆ ತಿರುಗಿದರೆ ಇಲ್ಲ. ಎಂಟನೆಯದು: ಸೀಟು ತೀರಾ ತಗ್ಗು, ಕನ್ನಡಿಗಳು ಸರಿಯಾಗಿ ಕಾಣುವುದಿಲ್ಲ, ಹದಿನೇಳಂತೂ ಬರೀ ಆಕಾಶ.

ಶೋರೂಮಿನ ಮೆಕ್ಯಾನಿಕ್ ಸೊಮೆಯಾ ತಾಳ್ಮೆಯ ಮನುಷ್ಯ. ಏಳನೆಯ ದೂರಿಗಾಗಿ ಬಾಗಿಲ ಒಳಹಲಗೆ ಬಿಚ್ಚಿದರು, ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟರು, ಎರಡು ತಾಸು ಬೆವರಿದರು. ಕೊನೆಗೆ ಸೀಟಿನ ಅಡಿಗೆ ಕೈ ತೂರಿಸಿ, ಒರೆಸುವ ಬಟ್ಟೆಯಲ್ಲಿ ಅರ್ಧ ಸುತ್ತಿದ ಒಂದು ಹಿತ್ತಾಳೆಯ ವಸ್ತು ಹೊರತೆಗೆದು, ಇದು ನಮ್ಮ ಕಂಪನಿಯ ಬಿಡಿಭಾಗ ಅಲ್ಲ ಅನ್ನಿಸುತ್ತದೆ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಅದು ಕರಡಿ ಗಂಟೆ. ಸೊಂಟದಿಂದ ಬಿಚ್ಚಿಟ್ಟವರು ಯಾರೆಂದು ಹೇಳಬೇಕಾಗಿಲ್ಲ. ವರ್ಕ್‌ಶಾಪಿಗೆ ವರ್ಕ್‌ಶಾಪೇ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಎಲ್ಲರಿಗಿಂತ ಜೋರಾಗಿ ಫುಮಿಯೆ ಅವರೇ.

ನಗು ನಿಂತ ಮೇಲೆ ಸೊಮೆಯಾ ಎಂಟನೆಯದಕ್ಕೆ ಬಂದರು. ಸೀಟನ್ನು ಎತ್ತರಿಸುವ ಸನ್ನೆಕೋಲನ್ನು ಎಳೆದು ನೋಡಿದರು. ಆಗಲೇ ಅದು ಪೂರ್ತಿ ಮೇಲಿತ್ತು.

"ಇದಕ್ಕಿಂತ ಮೇಲೆ ಬರಲ್ಲ ಮೊಮೊಸೆ-ಸಾನ್. ಇಂಥ ಕಾರಲ್ಲಿ ಎಲ್ರೂ ಕೂರೋದು ಇಷ್ಟೇ ಎತ್ತರದಲ್ಲಿ."

ಎಲ್ರೂ. ಆ ಒಂದು ಮಾತು ಕೇಳಿದಾಗಲೇ ತಮಗೆ ಹೊಳೆಯಿತು ಎನ್ನುತ್ತಾರೆ ಅವರು. ಪ್ರತಿ ವಸಂತದಲ್ಲೂ ಹಿಮ ಕರಗಿದ ಮೇಲೆ ಸೊಟ್ಟಗಾದ ಕೆಲವು ಕನ್ನಡಿಗಳನ್ನು ಸರಿಪಡಿಸುವವರು ಅವರೇ. ಒರಿಹಾರ ತಿರುಗಿಸುತ್ತಾರೆ, ಇವರು ಇಲಾಖೆಯ ಪುಟ್ಟ ಟ್ರಕ್ಕಿನ ಸೀಟಿನಲ್ಲಿ ಕೂತು, ರಸ್ತೆ ಕಂಡರೆ ಸರಿ ಎನ್ನುತ್ತಾರೆ. ಟ್ರಕ್ಕಿನ ಸೀಟು ಎತ್ತರ. ಅಲ್ಲಿಂದ ರಸ್ತೆ ಕಾಣುವ ಕನ್ನಡಿಯಲ್ಲಿ ತಗ್ಗು ಕಾರಿನವರಿಗೆ ಕಾಣುವುದು ಮೋಡ, ಮರದ ತುದಿ. ರಸ್ತೆ ಕೆಳಗಿನ ಅಂಚಿನಲ್ಲಿ ಬೆರಳಗಲ. ಕಡಿದಾದ ಹದಿನೇಳರಲ್ಲಿ ಅದೂ ಇಲ್ಲ. ದೋಷ ಕಾರಿನದಾಗಿರಲಿಲ್ಲ.

"ಹದಿನೇಳರಲ್ಲಿ ಭಾನುವಾರದವರು ಹಾರ್ನ್ ಹೊಡೀತಾರಲ್ಲ, ನಾನು ಶೋಕಿಗೆ ಹೊಡೀತಾರೆ ಅಂತ ಬೈಕೋತಿದ್ದೆ. ಒಂದು ಹಳದಿ ಕಾರಿದೆ, ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಎರಡು ಸಲ ಪೋಂ ಪೋಂ ಅನ್ನತ್ತೆ. ಒಂದಿನ ಏಣಿ ಮೇಲಿಂದ ಬಟ್ಟೆ ಬೀಸಿ ಬೈದೂ ಇದ್ದೆ. ಪಾಪ, ಆ ಮನುಷ್ಯಂಗೆ ಕಾಣ್ತಾ ಇರ್ಲಿಲ್ಲ. ನಾನು ಅಷ್ಟು ವರ್ಷ ಆಕಾಶ ಒರೆಸಿ ಕೊಟ್ಟಿದ್ದೀನಿ ಅವ್ರಿಗೆ."

ಇದನ್ನು ಹೇಳುವಾಗ ಅವರ ದನಿ ಸಣ್ಣದಾಗುತ್ತದೆ. ನಾನು ಸಮಾಧಾನಕ್ಕೆಂದು ಅಪಘಾತವೇನೂ ಆಗಿಲ್ಲವಲ್ಲ ಎಂದೆ. ಅದು ಅವರ ಪುಣ್ಯ, ನನ್ನ ಕೆಲಸ ಅಲ್ಲ ಎಂದು ಬಾಯಿ ಮುಚ್ಚಿಸಿದರು.

ರಸ್ತೆ ಮುಚ್ಚಲು ಹದಿಮೂರು ದಿನ ಉಳಿದಿದ್ದವು. ಹಾಗೇ ಬಿಟ್ಟರೆ, ವಸಂತದಲ್ಲಿ ಐವತ್ತಾರನ್ನೂ ಹೊಂದಿಸಲು ಸಮಯ ಸಿಗದೆ, ಗೇಟು ತೆರೆದ ದಿನವೇ ನುಗ್ಗುವ ನೂರಾರು ಕಾರುಗಳಿಗೆ ಮತ್ತೆ ಅದೇ ಆಕಾಶ. ಮಾರನೆಯ ದಿನವೇ ರಸ್ತೆ ಕಚೇರಿಗೆ ಹೋಗಿ ಐವತ್ತಾರೂ ಕನ್ನಡಿಗಳನ್ನು ಮತ್ತೆ ಹೊಂದಿಸುತ್ತೇನೆಂದರು. ಅಲ್ಲಿನ ಅಧಿಕಾರಿ ಕಡತ ತೆಗೆದು, ಒಂದೂ ದೂರಿಲ್ಲ, ಸರಿ ಇರುವುದನ್ನು ಯಾಕೆ ಮುಟ್ಟಬೇಕು ಎಂದು ಕೇಳಿದರು. ಫುಮಿಯೆ ಅವರು ವಾದ ಮಾಡಲಿಲ್ಲ. ಕಾರಿನ ಬಾಗಿಲು ತೆಗೆದು ಹಿಡಿದರು.

ದಢೂತಿ ಅಧಿಕಾರಿ ಒಂದೊಂದೇ ಕಾಲನ್ನು ಒಳಗೆ ಸೇರಿಸಿ ಕೂತಿದ್ದನ್ನು ಒರಿಹಾರ ಇವತ್ತಿಗೂ ನಟಿಸಿ ತೋರಿಸುತ್ತಾರೆ. ಹದಿನೇಳರ ಮುಂದೆ ಕಾರು ನಿಲ್ಲಿಸಿ, ಕನ್ನಡಿಯಲ್ಲಿ ಏನು ಕಾಣುತ್ತದೆ ಎಂದು ಫುಮಿಯೆ ಅವರು ಕೇಳಿದರು. ಮೋಡ, ಎಂದರು ಅಧಿಕಾರಿ. ಅಷ್ಟರಲ್ಲಿ ಬೆಳಗಿನ ಬಸ್ಸು ತಿರುವಿನಿಂದ ಹೊರಬಂದು ಪಕ್ಕದಲ್ಲೇ ಹಾದುಹೋಯಿತು. ಅಧಿಕಾರಿ ಕಾರಿನಲ್ಲಿ ಕೂತೇ ಅನುಮತಿ ಪತ್ರಕ್ಕೆ ಮುದ್ರೆ ಒತ್ತಿದರು. ಒಂದೇ ಷರತ್ತು: ಬಸ್ಸಿನವರಿಗೂ ಟ್ರಕ್ಕಿನವರಿಗೂ ಈಗ ಕಾಣುವುದು ತಪ್ಪಬಾರದು.

ಹಾಗಾಗಿ ಒಂದೊಂದು ಕನ್ನಡಿಗೂ ಮೂರು ಪರೀಕ್ಷೆ. ಫುಮಿಯೆ ಅವರು ಮೊದಲು ಕಾರಿನಲ್ಲಿ ಕೂತು ನೋಡುತ್ತಾರೆ, ಆಮೇಲೆ ಟ್ರಕ್ಕಿನಲ್ಲಿ, ಕೊನೆಗೆ ಬಸ್ಸಿನ ಚಾಲಕರ ಎತ್ತರಕ್ಕೆ ಟ್ರಕ್ಕಿನ ಹಿಂಬದಿ ಹಲಗೆಯ ಮೇಲೆ ಮಂಡಿಯೂರಿ. ಮೂರಕ್ಕೂ ಒಪ್ಪುವ ಒಂದೇ ಒಂದು ಓರೆ ಇರುತ್ತದೆ, ಅದು ಸಿಗುವವರೆಗೆ ಒರಿಹಾರ ಏಣಿಯಿಂದ ಇಳಿಯುವಂತಿಲ್ಲ. ಹನ್ನೊಂದು ದಿನದಲ್ಲಿ ಐವತ್ನಾಲ್ಕು ಮುಗಿದಿವೆ. ಹದಿನೇಳನ್ನು ಕೊನೆಗಿಟ್ಟಿದ್ದೇಕೆ ಎಂದರೆ ಫುಮಿಯೆ ಅವರು ತಿನ್ನಲು ತಂದ ಒನಿಗಿರಿ ಅನ್ನದುಂಡೆಯ ಪೊಟ್ಟಣ ಬಿಚ್ಚುತ್ತ ಮಾತು ಹಾರಿಸುತ್ತಾರೆ. ಅಕ್ಕನಿಗೆ ಅದರ ಮುಖ ನೋಡಲು ಸಂಕೋಚ ಎಂದು ಒರಿಹಾರ ನನ್ನ ಕಿವಿಯಲ್ಲಿ ಹೇಳುತ್ತಾರೆ.

ಆರೂ ಇಪ್ಪತ್ತಕ್ಕೆ ಹದಿನೇಳಕ್ಕೆ ಬಂದಿದ್ದೇವೆ. ಬಂಡೆಯ ಮೂಗಿನ ಸುತ್ತ ರಸ್ತೆ ಗಕ್ಕನೆ ತಿರುಗುವ ಜಾಗ. ಒಂದೇ ಕಂಬಕ್ಕೆ ಎರಡು ಕನ್ನಡಿ, ಒಂದು ಹತ್ತುವವರಿಗೆ, ಒಂದು ಇಳಿಯುವವರಿಗೆ. ಫುಮಿಯೆ ಅವರು ಮೊದಲು ಬಿಸಿನೀರಿನ ಬಟ್ಟೆಯಿಂದ ಇಬ್ಬನಿಯ ಹೆಪ್ಪು ಕರಗಿಸಿ ಒರೆಸುತ್ತಾರೆ, ಆಮೇಲೆ ಒಣಬಟ್ಟೆಯಿಂದ. ಕಾರನ್ನು ಈ ಬದಿ ನಿಲ್ಲಿಸಿ ಒಂದನ್ನು, ತಿರುವಿನ ಆಚೆ ನಿಲ್ಲಿಸಿ ಇನ್ನೊಂದನ್ನು ಹೊಂದಿಸುವಷ್ಟರಲ್ಲಿ ಅರ್ಧ ಗಂಟೆ ದಾಟುತ್ತದೆ. ಕೂದಲೆಳೆಗಳ ಲೆಕ್ಕ ಇಲ್ಲಿ ಒಂಬತ್ತಾಗುತ್ತದೆ. ಒರಿಹಾರ ಒಂಬತ್ತೂ ಸಲ ಪಾನಾ ತಿರುಗಿಸುತ್ತಾರೆ.

ಕೆಲಸ ಮುಗಿದ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಳಗಿನ ತಿರುವಿನವರೆಗೆ ಹೋಗಿ, ಸಾಮಾನ್ಯ ಚಾಲಕರಂತೆ ಮೇಲೆ ಹತ್ತತೊಡಗುತ್ತಾರೆ. ವ್ರತ ಮುಗಿದಿದೆ, ಸಾವಿರ ಕಿಲೋಮೀಟರ್ ದಾಟಿದೆ. ಎರಡನೆಯ ಗೇರು ಮೊಂಡಾಟ ಮಾಡದೆ ಬೀಳುತ್ತದೆ. ಚಳಿಗೆ ನನ್ನ ಕಿವಿ ಬಿದ್ದುಹೋದಂತಿದೆ, ಆದರೂ ಬಾಯಿ ತಾನಾಗಿ ನಗುತ್ತಿದೆ. ಈ ಹೆಂಗಸು ಇಷ್ಟು ವರ್ಷ ಏಣಿಯ ಮೇಲಿಂದ ನೋಡಿದ ಖುಷಿ ಇದೇ ಇರಬೇಕು.

ಹದಿನೇಳರ ಹತ್ತಿರ ಬರುತ್ತಿದ್ದಂತೆ ಅವರು ಕಾರನ್ನು ಎಡಕ್ಕೆ ಸರಿಸಿ ನಿಧಾನ ಮಾಡುತ್ತಾರೆ. ಕನ್ನಡಿಯ ನಡುವೆ ರಸ್ತೆಯಿದೆ, ಅಗಲವಾಗಿ, ಬಿಳಿ ಗೆರೆಗಳ ಸಮೇತ. ರಸ್ತೆಯ ಮೇಲೆ ಒಂದು ಹಳದಿ ಚುಕ್ಕೆ ಇಳಿದು ಬರುತ್ತಿದೆ. ಫುಮಿಯೆ ಅವರ ಎರಡೂ ಕೈ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿವೆ.

ಆಚೆ ಬದಿಯ ಕನ್ನಡಿಯಲ್ಲಿ ನಾವೂ ಅವನಿಗೆ ಕಂಡಿರಬೇಕು. ತಗ್ಗಾದ ಹಳದಿ ಕಾರು ವೇಗ ತಗ್ಗಿಸಿ, ತನ್ನ ಬದಿಯಲ್ಲೇ ತಿರುಗಿ ನಮ್ಮನ್ನು ದಾಟುತ್ತದೆ. ಒಳಗಿನ ಬಿಳಿಗೂದಲ ಚಾಲಕ, ರಸ್ತೆಯಲ್ಲಿ ಯಾರಿಗಾದರೂ ಎತ್ತುವ ಹಾಗೆ, ಒಂದು ಕೈ ಎತ್ತಿ ಹೋಗುತ್ತಾನೆ. ಕೆಳಗಿನ ತಿರುವಿನಲ್ಲಿ ಅವನ ಇಂಜಿನ್ನಿನ ಸದ್ದೂ ಅಡಗುತ್ತದೆ.

"ಕೇಳಿಸ್ತಾ?" ಎನ್ನುತ್ತಾರೆ ಫುಮಿಯೆ ಅವರು.

ಏನೂ ಕೇಳಿಸಲಿಲ್ಲವಲ್ಲ ಎನ್ನುತ್ತೇನೆ.

"ಹೌದಲ್ವಾ? ಹಾರ್ನೇ ಹೊಡೀಲಿಲ್ಲ."

ಕೆಲಸದ ಜಾಕೆಟ್ಟಿನ ತೋಳಿನಿಂದ ಕಣ್ಣು ಒರೆಸಿಕೊಂಡು, ನೋಟ್‌ಬುಕ್ಕು ತೆಗೆದು ಎಂಟನೆಯ ಸಾಲಿನ ಮೇಲೆ ಗೆರೆ ಎಳೆಯುತ್ತಾರೆ. ಹಿಂದಿನ ದೀಪದ ಮಂಜು ಇನ್ನೂ ಹಾಗೇ ಇದೆಯಲ್ಲ ಎಂದು ನಾನು ನೆನಪಿಸುತ್ತೇನೆ.

"ಅದು ಇರ್ಲಿ ಬಿಡಿ," ಎನ್ನುತ್ತಾರೆ, ಗೇರು ಹಾಕುತ್ತ. "ನನಗೆ ರೋಡು ಕಾಣ್ತಿದೆ."