ಹೊಗೆಯ ಕಣ್ಣಿಗೆ ಕಾಣದ ಪುಗ್ಗಾ

ರಾಯಚೂರಿನ ಬಜಾರಿನಲ್ಲಿ ಗಾಳಿಪಟದ ಕಾಗದ ಮಾರುತ್ತಿದ್ದ ವಲಿ ಪಾಷಾನ ಹೆಸರು ಆಗ ಮಾನ್ವಿಯಿಂದ ದೇವದುರ್ಗದವರೆಗೆ ಗೊತ್ತಿತ್ತು. ಪ್ರತಿ ವರ್ಷ ಜೋಳ ಕೊಯ್ದ ಮೇಲೆ, ಗಬ್ಬೂರಿನ ನಮ್ಮ ಹೊಲದಲ್ಲಿ ಅವನು ಬಿಸಿಗಾಳಿ ತುಂಬಿದ ಕಾಗದದ ಪುಗ್ಗಾ ಹಾರಿಸುತ್ತಿದ್ದ. ಮನೆಯಷ್ಟು ದೊಡ್ಡ ಬಲೂನು! ಜನ ಅವನನ್ನು ಹೊಗಳಿದ್ದು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ಮೈದಾ ಅಂಟು ಕಾಯಿಸಿ, ಚಳಿಗಾಲವೆಲ್ಲ ಕೂತು ಕಾಗದ ಅಂಟಿಸಿದವಳು ಅವನ ಹೆಂಡತಿ ರಂಜಾನಬಿ. ನಾವು ಮಕ್ಕಳು ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ವಲಿ ಪಾಷಾ ಮಾಡುತ್ತಿದ್ದದ್ದು ಮೀಸೆ ತಿರುವುವುದು.

ಎರಡು ದಿನ ಮುಂಚೆಯೇ ನೋಡಲು ಬರುವವರ ಬಂಡಿಗಳು ಬಂದು ಬೀಡು ಬಿಡುತ್ತಿದ್ದವು. ಬಂಡಿಗೆ ಜಮಖಾನೆ ಕಟ್ಟಿದರೆ ಅದೇ ಡೇರೆ. ಜೋಳದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ನಮ್ಮಪ್ಪ ಬೂದೆಪ್ಪನ ಕುರಿಗಳು ಡೇರೆಗೆ ನುಗ್ಗಿ, ರೊಟ್ಟಿಯ ಹಿಟ್ಟು ಮೆದ್ದು ಒದೆ ತಿನ್ನುತ್ತಿದ್ದವು. ಅಂಥ ಸುಖ ಆಮೇಲೆ ಯಾವ ಊರಲ್ಲೂ ನನಗೆ ಸಿಕ್ಕಿಲ್ಲ.

ಸುತ್ತಲೂ ಹತ್ತಿ ಹೊಲ. ಪುಗ್ಗಾಕ್ಕೆ ಉರಿಯುವ ಬತ್ತಿ ಕಟ್ಟಿ ಬಿಡುವಂತಿರಲಿಲ್ಲ. ಅದಕ್ಕೇ ನೆಲದಲ್ಲಿ ಕುಣಿ ತೋಡಿ, ಉರಿ ಹಾಕಿ, ಮೇಲೆ ತಳ ಒಡೆದ ಗಡಿಗೆ ಇಟ್ಟು ಬಿಸಿ ತುಂಬುತ್ತಿದ್ದರು. ಕಾಗದ ಉಬ್ಬಿ ಜಗ್ಗತೊಡಗಿದ ಕೂಡಲೇ ಗಂಡಸರು ಕೈ ಬಿಡುತ್ತಿದ್ದರು. ಪುಗ್ಗಾ ಬೇವಿನ ಮರ ದಾಟಿ, ತುಸು ತೇಲಿ, ಮರೆಯಾಗಿಬಿಡುತ್ತಿತ್ತು. ಅಷ್ಟೇ ಹಬ್ಬ.

ಕುಣಿಯ ಬಾಯಲ್ಲಿ ಹತ್ತಿ ಕಡ್ಡಿ ತುರುಕುತ್ತ ಕೂರುವವಳು ಖಾಲಾ. ಜನ ಹೋ ಎಂದಾಗ ಅವಳ ಕಣ್ಣು ತುಂಬ ಹೊಗೆ. ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ ಪುಗ್ಗಾ ಬೇವಿನ ಆಚೆ.

"ಹ್ಯಾಂಗ ಹೋತು ಬೇಟಿ?" ಎಂದು ನನ್ನನ್ನು ಕೇಳುತ್ತಿದ್ದಳು. ಒಮ್ಮೆಯಾದರೂ ಅದು ನೆಲ ಬಿಡುವುದನ್ನು ಕಣ್ಣಾರೆ ನೋಡಬೇಕೆಂದು ಅವಳಿಗೆ ಬಲು ಆಸೆ. ನಾನು ಹೇಳುವುದನ್ನು ಅವಳು ಬಾಯಿ ತೆರೆದು ಕೇಳುವಾಗ ನನಗೇ ಅಳು ಬರುತ್ತಿತ್ತು.

ಎಂಬತ್ತೆರಡನೇ ಇಸವಿಯಲ್ಲಿ ನನ್ನವ್ವ ಯಂಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು.

"ಏಳಕ್ಕಾ, ಈ ಸಲ ಉರಿ ನಾ ಹಾಕ್ತೀನಿ. ನೀ ಹೋಗಿ ನೋಡು."

"ಪುಗ್ಗಾ ಸುಟ್ರ?" ವಲಿ ಪಾಷಾ ಹೌಹಾರಿದ.

"ದಿನಾ ರೊಟ್ಟಿ ಮಾಡಾಕಿಗಿ ಉರಿ ಗೊತ್ತಿಲ್ಲೇನ್ರೀ? ಸುಮ್ನ ಹಿಡೀರಿ!"

ಖಾಲಾ ದೂರ ಹೋಗಿ ನನ್ನ ಕೈ ಹಿಡಿದು ನಿಂತಳು. ಕಾಗದ ಉಬ್ಬಿತು, ಜಗ್ಗಿತು. ಗಂಡಸರು ಇನ್ನೇನು ಬಿಡಬೇಕು, ಖಾಲಾ ನನ್ನ ಕೈ ಕೊಸರಿಕೊಂಡು ಓಡಿದಳು. ಏನೋ ಸುಟ್ಟಿತೆಂದು ನಾನೂ ಹಿಂದೆಯೇ ಓಡಿದೆ. ಅವಳು ಕುಣಿಯ ಮೇಲೆ ಬಗ್ಗಿದ್ದ ಅವ್ವನ ರಟ್ಟೆ ಹಿಡಿದು ಎಬ್ಬಿಸಿ, ಸೆರಗಿನಿಂದ ಕಣ್ಣು ಒರೆಸಿ, ಗದ್ದ ಮೇಲೆತ್ತಿದಳು.

"ನೋಡು ಯಂಕವ್ವಾ, ಲಗೂನ ನೋಡು!"

ಅವ್ವ ನೋಡಿದಳು. ಖಾಲಾ ತಿರುಗುವಷ್ಟರಲ್ಲಿ ಪುಗ್ಗಾ ಬೇವು ದಾಟಿತ್ತು.

"ಹುಚ್ಚಿ! ನಾ ವರ್ಷಾ ನೋಡ್ತೀನಿ. ನೀ ನೋಡ್ಲೆಂತ ನಾ ಹೊಗಿ ಕುಡದ್ರ..." ಅವ್ವ ಸಿಟ್ಟಿಗೆದ್ದು ಅತ್ತೇಬಿಟ್ಟಳು.

"ಉರಿ ಹಾಕಿದಾಕಿ ನೋಡ್ಬೇಕು ಯಂಕವ್ವಾ," ಎಂದಳು ಖಾಲಾ.

ಮರುವರ್ಷ ಉರಿಗೆ ಖಾಲಾಳೇ ಕೂತಳು. ಅವಳ ಬೆನ್ನ ಹಿಂದೆ ಒದ್ದೆ ಬಟ್ಟೆ ಹಿಡಿದು ಅವ್ವ ನಿಂತಳು. ಗಂಡಸರು ಕೈ ಬಿಡುವ ಮುಂಚೆಯೇ ಖಾಲಾಳನ್ನು ಎಬ್ಬಿಸಿ, ಕಣ್ಣು ಒರೆಸಿ, ಗದ್ದ ಎತ್ತಿ ಹಿಡಿದಳು. ಕೆಂಪು ಪುಗ್ಗಾ ಕುಣಿ ಬಿಟ್ಟು ಎದ್ದಿತು.

ಆ ದಿನ ಖಾಲಾ ನನ್ನನ್ನು ಏನೂ ಕೇಳಲಿಲ್ಲ.