ದರ್ಗಾದ ಗಂಧದ ಮರ

ಇರಕಲ್ಲಗಡದ ಕಡೆಯ ಗುಡ್ಡಗಳಲ್ಲಿ ನಾನು ಬಹಳ ವರ್ಷ ಅರಣ್ಯದ ದಿನಗೂಲಿ ವಾಚರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರಿಂದ ಬರೆಯುವ ಕೆಲಸವೂ ನನ್ನ ಪಾಲಿಗೇ ಬರುತ್ತಿತ್ತು. ನಾನು ಮಾಡಿದ ತಪ್ಪಿಗೆ ಅದೇ ಅನುಕೂಲವಾಯಿತು.

ಗುಡ್ಡದಲ್ಲಿ ಶ್ರೀಗಂಧ ಕಡಿಮೆಯಾಗುತ್ತ ಬಂದಿತ್ತು. ಕಳ್ಳರು ಒಂದೊಂದೇ ಮರ ಒಯ್ಯುತ್ತಿದ್ದರು. ಉಳಿದ ಇಪ್ಪತ್ತು ಮರಗಳನ್ನು ನಮ್ಮ ಹಿರಿಯ ಗಾರ್ಡ್ ಗುರುತಿಸಿ, ಯಾವುದು ಎಲ್ಲಿದೆ ಎಂದು ಹೇಳುತ್ತ ನನ್ನಿಂದ ಪಟ್ಟಿ ಬರೆಸಿದರು. ಸಸಿ ಮಾಡಲು ಪ್ರತಿ ಮರದ ಬೀಜವನ್ನು ಬೇರೆ ಚೀಲಕ್ಕೆ ಹಾಕಿ ಚೀಟಿ ಕಟ್ಟಬೇಕು. ಗುಡ್ಡ ಹತ್ತಿ ಅದನ್ನು ತರುವುದು ನನ್ನ ಕೆಲಸ.

ಮೊದಲ ದಿನ ಎರಡು ಮರಗಳಿಗೆ ಹೋದೆ. ಹಣ್ಣನ್ನೆಲ್ಲ ಹಕ್ಕಿಗಳು ತಿಂದು ಮುಗಿಸಿದ್ದವು. ಮರುದಿನ ನಾನು ಹತ್ತಲೇ ಇಲ್ಲ. ಕರಡಿಯ ಭಯವಿತ್ತು ಎಂದರೆ ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಕರಡಿಗಳಿದ್ದದ್ದೂ ನಿಜ. ಆದರೆ ನನ್ನನ್ನು ತಡೆದದ್ದು ಕರಡಿಯಲ್ಲ, ಮೈಗಳ್ಳತನ.

ಗುಡ್ಡದ ಬುಡದ ದರ್ಗಾದ ಗೋಡೆಗೆ ಅಂಟಿಕೊಂಡು ಒಂದು ಗಂಧದ ಮರವಿತ್ತು. ಅದಕ್ಕೆ ಯಾರೂ ಕೊಡಲಿ ಹಚ್ಚುತ್ತಿರಲಿಲ್ಲ. ಕಪ್ಪು ಹಣ್ಣು ಕಟ್ಟೆಯ ತುಂಬ ಉದುರಿರುತ್ತಿತ್ತು, ಬಗ್ಗಿ ಬಳಿದುಕೊಂಡರೆ ಸಾಕು. ಮನೆಗೆ ತಂದು, ತಿಕ್ಕಿ ತೊಳೆದು, ನೆರಳಲ್ಲಿ ಒಣಗಿಸಿ ಇಪ್ಪತ್ತು ಗುಂಪು ಮಾಡಿದೆ.

"ಏನ್ರಿ ಇದು, ಅಣ್ತಮ್ಮರಿಗೆ ಪಾಲು ಹಚ್ಚಿದಂಗ ಹಚ್ಚಾಕತ್ತೀರಿ?" ಎಂದು ಹೆಂಡತಿ ನಕ್ಕಳು.

"ಎಲ್ಲಾ ಗಂಧನ ಅಲ್ಲೇನು? ಬೀಜಕ್ಕ ಊರು ಯಾವುದು, ಕೇರಿ ಯಾವುದು?" ಎಂದೆ. ಇಪ್ಪತ್ತು ಚೀಟಿಗಳನ್ನೂ ಅಂದವಾದ ಅಕ್ಷರದಲ್ಲಿ ಬರೆದೆ.

ಸಸಿಗಳು ಬಂದವು. ಗಂಧ ಬೇರೆ ಗಿಡದ ಬೇರು ಹಿಡಿದು ಬದುಕುವುದರಿಂದ ಪ್ರತಿ ಸಸಿಯ ಜೊತೆಗೆ ತೊಗರಿ ಕಾಳು ಊರಿದೆವು. ಬೇಲಿ ಹಾಕಿದ ಜಾಗದಲ್ಲಿ ಇಪ್ಪತ್ತು ಸಾಲು ನೆಟ್ಟೆವು. ಮುಂದೆ ಗಾರ್ಡ್ ತೀರಿಕೊಂಡರು. ಗುಡ್ಡದ ಮರಗಳೂ ಹೋದವು. ನಾನು ಕೆಲಸ ಬಿಟ್ಟ ಮೇಲೂ, ಯಾರಾದರೂ ನೋಡಲು ಬಂದರೆ ನನ್ನನ್ನೇ ಕರೆಯುತ್ತಿದ್ದರು. "ಗುಡ್ಡದ ಇಪ್ಪತ್ತೂ ಮನೆತನ ಇಲ್ಲಿ ಉಳಿದಾವ್ರಿ" ಎಂದು ತೋರಿಸುತ್ತಿದ್ದೆ. ಹೇಳಿ ಹೇಳಿ ನನಗೂ ಅರ್ಧ ನಂಬಿಕೆ ಬಂದಿತ್ತು.

ಹೋದ ವರ್ಷ ಅರಣ್ಯ ಇಲಾಖೆಗೆ ಹೊಸದಾಗಿ ಬಂದ ಮೇಡಂ ಒಬ್ಬರು ತೋಪಿನಲ್ಲಿ ದಿನಗಟ್ಟಲೆ ತಿರುಗಿ ನನ್ನನ್ನು ಕರೆಸಿದರು.

"ಅಜ್ಜಾರ, ಹೂವು ಭಾಳ ಬಿಡ್ತಾವು, ಜೇನೂ ಬರ್ತಾವು. ಕಾಯಿ ಮಾತ್ರ ಯಾಕ ನಿಲ್ಲವಲ್ಲವು? ನಿಂತ ನಾಕು ಕಾಯಿಯಿಂದ ಬಂದ ಸಸಿನೂ ಬಡಕಲು."

"ಮಳಿ ಇಲ್ರಿ ಮೇಡಂ."

"ಈ ಸಲ ಮಳಿ ಛಲೋ ಆಗೇತ್ರಿ." ಮತ್ತೆ ಕೇಳಿದರು, "ನಿಮ್ಮಾಗ ಒಂದ ಬೆಡಗಿನವರು ಬೀಗತನ ಮಾಡ್ತೀರೇನು?"

"ಛೇ, ಇಲ್ರಿ. ಒಂದ ಬೆಡಗಂದ್ರ ಅಣ್ಣ-ತಂಗಿ ಆದ್ಹಂಗ."

"ಗಂಧಕ್ಕೂ ಹಂಗ ಐತ್ರಿ. ದೂರದ ಮರದ ಪರಾಗ ಬೇಕು. ಹತ್ರದ ಸಂಬಂಧ ಆದ್ರ ಕಾಯಿ ಉದುರ್ತಾವು, ಉಳಿದದ್ದು ಬಡಕಲಾಕ್ಕತಿ. ಆದ್ರ ಇಲ್ಲಿ ಇಪ್ಪತ್ತು ಬೆಡಗು ಅದಾವಲ್ಲ, ಅದಕ್ಕ ನನಗ ತಿಳಿವಲ್ದು. ಇರಲಿ, ಸಿಕ್ಕಷ್ಟು ಬೀಜ ಮುಂದಿನ ಮಳಿಗಾಲಕ್ಕ ಕುಷ್ಟಗಿಗೂ ಯಲಬುರ್ಗಾಕ್ಕೂ ಕಳಸ್ತೀವಿ."

ನಾನು ತಲೆಯಾಡಿಸಿ ಮನೆಗೆ ಬಂದೆ. ಹೆಂಡತಿಗೆ ಎಲ್ಲ ಹೇಳಿದೆ. "ಇಷ್ಟು ವರ್ಷ ನುಂಗಿಕೊಂಡಿದ್ದು ಈಗ್ಯಾಕ ಕಾರ್ತೀರಿ? ಸುಮ್ನ ರೊಟ್ಟಿ ತಿನ್ರಿ" ಎಂದಳು. ರೊಟ್ಟಿ ತಿಂದೆ. ಆದರೆ ಆ ಬೀಜ ಮತ್ತೆರಡು ತಾಲ್ಲೂಕುಗಳ ಗುಡ್ಡ ಸೇರಿ, ಅಲ್ಲಿಯೂ ಹೂವಷ್ಟೇ ಬಿಟ್ಟು ನಿಲ್ಲುವುದು ಕಣ್ಣ ಮುಂದೆಯೇ ಇತ್ತು.

ಬೆಳಿಗ್ಗೆ ಹೋಗಿ ಹೇಳಿದೆ. "ಮೇಡಂ, ಇಪ್ಪತ್ತಲ್ರಿ. ಒಂದ. ದರ್ಗಾದ್ದು."

ಅವರು ಬದುವಿನ ಮೇಲೆ ಕುಳಿತರು. "ಗಂಗಾವತಿಗೆ ಹಿಂದಿನ ವರ್ಷನ ಬೀಜ ಕಳಿಸಿ ಆಗೇತಲ್ಲ, ಅಜ್ಜಾರ" ಎಂದರು. ನನಗೆ ಅದು ಗೊತ್ತಿರಲಿಲ್ಲ. ಕೈಮುಗಿದೆ. ಅವರು ನೋಡಲಿಲ್ಲ. ಎದ್ದು ನಿಂತು, "ಗುಡ್ಡದಾಗ ಕಡಿದ ಮರದ ಬೇರಿನಿಂದ ಚಿಗುರು ಒಡದಿರ್ತಾವು. ಪಟ್ಟಿ ಇದ್ರ ತರ್ರಿ, ಜಾಗಾ ತೋರಸ್ರಿ" ಎಂದರು. ಟ್ರಂಕಿನಲ್ಲಿದ್ದ ಪಟ್ಟಿ ತಂದೆ.

ಊರುಗೋಲು ಹಿಡಿದು ಗುಡ್ಡ ಹತ್ತಿದೆ. ಮೊದಲ ಜಾಗದಲ್ಲಿ ಮೊಳಕಾಲೆತ್ತರದ ಚಿಗುರುಗಳಿದ್ದವು. ಆಡು ಕಚ್ಚಿದ್ದರೂ ಹಸಿರಾಗಿದ್ದವು. ಮೇಡಂ ಒಂದಕ್ಕೆ ಗುರುತಿನ ದಾರ ಕಟ್ಟಿದರು, ಮುಖ ಸ್ವಲ್ಪ ಸಡಿಲವಾಯಿತು. ಎರಡನೆಯದರಲ್ಲಿ ಬೇರನ್ನೂ ಅಗೆದು ಒಯ್ದ ಗುಂಡಿ ಮಾತ್ರ ಇತ್ತು.

"ಮೂರನೇದು?"

'ಜೋಡುಗುಂಡಿನ ಕೆಳಗೆ, ಹಳ್ಳದ ಎಡಕ್ಕೆ' ಎಂದು ನನ್ನದೇ ಅಕ್ಷರ. ಎತ್ತ ನೋಡಿದರೂ ಗುಂಡುಕಲ್ಲುಗಳೇ. ಸುಮ್ಮನೆ ಒಂದು ಕಡೆ ಕೈ ತೋರಿಸಬೇಕೆಂದು ಆಗಲೂ ಒಂದು ಗಳಿಗೆ ಅನ್ನಿಸಿತು.

"ನಾ ನೋಡಿಲ್ರಿ" ಎಂದೆ. "ಗಾರ್ಡ್ ಹೇಳಿದ್ರು, ಬರಕೊಂಡೆ. ಉಳಿದ ಹದಿನೆಂಟಕ್ಕೂ ನಾ ಹೋಗೇ ಇಲ್ಲ."

ಮೇಡಂ ಪಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಓದುತ್ತ, ಒಬ್ಬರೇ ಮೇಲಕ್ಕೆ ಹತ್ತತೊಡಗಿದರು. ಹಿಂದೆ ಹೋಗಬೇಕೆಂದು ಊರುಗೋಲು ಊರಿದೆ. ಕಾಲು ಸಾಗಲಿಲ್ಲ.