ತುಪ್ಪದ ಕಾಡಿಗೆ

ಹೀರಾಬಾಯಿಯಂಥ ಪುಕ್ಕಲು ಜೀವ ಇಡೀ ದಂಡೋತಿಯಲ್ಲಿ ಇನ್ನೊಂದಿರಲಿಲ್ಲ. ಕಾಗಿಣಾ ಹೊಳೆ ಮೊಣಕಾಲುದ್ದ ಹರಿಯುವಾಗಲೂ ದಂಡೆಯಲ್ಲೇ ನಿಂತು, ಕೊಡ ತುಂಬಿಸಿಕೊಡಿ ಎಂದು ಗೋಗರೆಯುತ್ತಿದ್ದಳು. ಎಮ್ಮೆ ಎದುರಾದರೆ ಓಣಿಯನ್ನೇ ಬದಲಿಸುತ್ತಿದ್ದಳು. ಅವ್ವ ರತ್ನಾಬಾಯಿಯ ಬಳಿ ಮಗಳ ಅಂಜಿಕೆಗೆಲ್ಲ ಒಂದೇ ಮದ್ದು: ಔಡಲೆಣ್ಣೆ ದೀಪದ ಮೇಲೆ ತಾಮ್ರದ ತಟ್ಟೆ ಕವುಚಿ, ಕೂತ ಮಸಿಗೆ ತುಪ್ಪ ಕಲಸಿ ಮಾಡಿದ ಕಾಡಿಗೆ. ಪರೀಕ್ಷೆಗೆ ಹೊರಟರೆ ಅಂಗಾಲಿಗೊಂದು ಬೊಟ್ಟು, ಊರು ಬಿಟ್ಟರೆ ಕಿವಿಯ ಹಿಂದೊಂದು ಬೊಟ್ಟು. ಹೀಗೆ ಬೊಟ್ಟು ಇಡಿಸಿಕೊಳ್ಳುತ್ತಲೇ ಆಕೆ ಚಿತ್ತಾಪುರದಲ್ಲಿ ಹೈಸ್ಕೂಲು ಮುಗಿಸಿ, ಕಲಬುರ್ಗಿಯಲ್ಲಿ ಎಂ.ಎ. ತನಕ ಬಂದಳು. ನಗಬೇಡಿ. ಆಕೆಯ ಓಣಿಯ ಧೈರ್ಯವಂತರೆಲ್ಲ ಏಳನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದರು.

ಎಂ.ಎ. ಎಂದ ಮೇಲೆ ಒಂದು ಸಂಶೋಧನೆ ಮಾಡಲೇಬೇಕು. ಶಹಾಬಾದದ ಕಲ್ಲಿನ ಖಣಿಗಳಲ್ಲಿ ದುಡಿಯುವ ಹೆಂಗಸರ ಬದುಕು ಎಂಬುದು ಹೀರಾಬಾಯಿಯ ವಿಷಯ. ಎಪ್ಪತ್ತರ ದಶಕದ ನಡುವಿನ ಮಾತು ಇದು. ಆಗಷ್ಟೇ ಅವರ ವಿಭಾಗಕ್ಕೆ ಸ್ಲೈಡು ತೋರಿಸುವ ಯಂತ್ರ ಬಂದಿತ್ತು.

"ಬರೇ ಓದಿದ್ರ ಯಾರ್ ಕೇಳ್ತಾರ? ಸ್ಲೈಡ್ ಮಾಡು, ಪರದೆ ಮ್ಯಾಲ ತೋರ್ಸು," ಎಂದು ಮಾರ್ಗದರ್ಶಕಿ ವಿಮಲಾಬಾಯಿ ಮೇಡಂ ಕೈಗೆ ಕ್ಯಾಮೆರಾ ಕೊಟ್ಟರು. ಅದನ್ನು ಒಡೆದೇನೋ ಎಂಬ ಭಯದಲ್ಲಿ ಹೀರಾಬಾಯಿಯ ಕೈ ನಡುಗಿ, ತೆಗೆದ ಚಿತ್ರಗಳಲ್ಲಿ ಅರ್ಧದಷ್ಟು ಅಲುಗಾಡಿಹೋದವು.

ಖಣಿಯ ಕೂಲಿ ಅಮೀರ್ಬೀಯ ಚಿತ್ರ ನೆಟ್ಟಗೆ ಬಂತು. ಫರ್ಸಿ ಕಲ್ಲಿನ ಚಪ್ಪಡಿ ಬಿದ್ದು ಆಕೆಯ ಬಲಗೈಯ ಎರಡು ಬೆರಳು ಚಪ್ಪಟೆಯಾಗಿದ್ದವು. ಆ ಕೈಯಲ್ಲೇ ಈಗಲೂ ಕಲ್ಲು ಎತ್ತುತ್ತಿದ್ದಳು.

"ಕೈ ಬೇಕಾದ್ರ ತಗೋ ಅವ್ವ, ಮಕ ಬ್ಯಾಡ," ಎಂದಿದ್ದಳು ಅಮೀರ್ಬೀ. "ಕೈ ಜಜ್ಜಿದ್ದು ಊರ ಮುಂದ ಹೇಳಾಕತ್ತೀನಿ ಅಂತ ಸಾಹುಕಾರ್ಗ ಗೊತ್ತಾದ್ರ, ನಾಳಿಂದ ನನ್ನ ಖಣಿಗೆ ಬರಗೊಡಂಗಿಲ್ಲ. ಮನ್ಯಾಗ ದುಡಿಯಾಕಿ ನಾ ಒಬ್ಬಾಕೆ."

"ನಮ್ಮವ್ವನ ಆಣಿ ಅಕ್ಕಾ, ನಿಮ್ಮ ಮಕ ಯಾರಿಗೂ ತೋರ್ಸಂಗಿಲ್ರಿ," ಎಂದು ಮಾತು ಕೊಟ್ಟಿದ್ದಳು ಹೀರಾಬಾಯಿ.

ಮುಂಬಯಿಗೆ ಹೋಗಿ ತೊಳೆಸಿಕೊಂಡು ಬಂದ ಸ್ಲೈಡಿನಲ್ಲಿ ಕೈ ಇತ್ತು. ಕೈಯ ಮೇಲೆಯೇ ಮುಖವೂ ಇತ್ತು! ಗಾಬರಿಯಲ್ಲಿ ಕಣ್ಣು ಕೈಯನ್ನಷ್ಟೇ ನೋಡಿತ್ತು, ಕ್ಯಾಮೆರಾ ಎಲ್ಲವನ್ನೂ ನೋಡಿತ್ತು. ಮೇಡಂಗೆ ಆ ಚಿತ್ರವೇ ಬಲು ಹಿಡಿಸಿತು. "ಇದೊಂದು ಬಿಡಬ್ಯಾಡ ಹೀರಾ," ಅಂದರು. ಮೇಡಂಗೆ ಒಲ್ಲೆ ಎನ್ನಲು ಹೆದರಿಕೆ, ಆಣೆಯ ವಿಷಯ ಹೇಳಲು ಹೆದರಿಕೆ, ಸರಕಾರಿ ಫಿಲ್ಮಿಗೆ ಕತ್ತರಿ ಹಾಕಲು ಇನ್ನೂ ಹೆದರಿಕೆ. ಶಾಯಿ ಹಚ್ಚಿ ನೋಡಿದಳು, ಅದು ಹನಿಯಾಗಿ ಜಾರಿತು. ಕೊನೆಗೆ ಅವ್ವನ ಕಾಡಿಗೆ ಡಬ್ಬಿ ನೆನಪಾಯಿತು. ಬೇಕಾದಾಗ ಒರೆಸಿಬಿಟ್ಟರೂ ಆಯಿತು. ಕಡ್ಡಿಗೆ ಅರಳೆ ಸುತ್ತಿ ಮುಖದ ಮೇಲೆ ದಪ್ಪಗೆ ಬಳಿದಳು. ಕಿಟಕಿಗೆ ಹಿಡಿದು ನೋಡಿದರೆ ಮುಖ ಮಾಯ, ಕೈ ಅಷ್ಟೇ. ಎದೆ ಹಗುರಾಯಿತು.

ಸ್ಲೈಡು ತೋರಿಸುವ ದಿನ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿದ್ದರು. ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಂಡು ಕೂತವರನ್ನು ಕಂಡು ಹೀರಾಬಾಯಿ ಬಾಗಿಲಲ್ಲೇ ನಿಂತಳು. ಅಂಬರಾಯ ಸಾಹುಕಾರರು! ಅಮೀರ್ಬೀ ದುಡಿಯುವ ಖಣಿಯ ಮಾಲಕರು. ಚಿತ್ರ ತೆಗೆಯಲು ಅಪ್ಪಣೆ ಕೊಟ್ಟವರೆಂದು ಮೇಡಂ ಅವರನ್ನೇ ಅತಿಥಿ ಮಾಡಿದ್ದರು. ಹೀರಾಬಾಯಿ ಕಿವಿಯ ಹಿಂದಿನ ಬೊಟ್ಟು ಮುಟ್ಟಿ ನೋಡಿಕೊಂಡಳು.

ಜವಾನ ಅಯ್ಯಪ್ಪ ಹಿಂದೆ ನಿಂತು ಒಂದೊಂದೇ ಸ್ಲೈಡು ಹಾಕುತ್ತಿದ್ದ. ಆ ಕೈ ಪರದೆಗೆ ಬಂತು. ಅದರ ಮೇಲ್ಗಡೆ ಒಂದು ಕಪ್ಪು ಮಚ್ಚೆ. ಯಾರೋ ಒಂದು ಪ್ರಶ್ನೆ ಕೇಳಿದರು, ಮೇಡಂ ಎದ್ದು ಉದ್ದಕ್ಕೆ ಉತ್ತರ ಹೇಳತೊಡಗಿದರು. ಯಂತ್ರದ ಬಲ್ಬು ಒಲೆಯಂತೆ ಕಾಯುತ್ತದೆ, ತುಪ್ಪದ ಕಾಡಿಗೆ ಒಲೆಯ ಮುಂದೆ ನಿಲ್ಲುವುದಿಲ್ಲ ಎಂಬುದು ಈ ಎಂ.ಎ. ಹುಡುಗಿಗೆ ಹೊಳೆದೇ ಇರಲಿಲ್ಲ. ಯಂತ್ರದೊಳಗೆ ಸ್ಲೈಡನ್ನು ತಲೆಕೆಳಗಾಗಿ ಇಡುತ್ತಾರೆ. ಅಲ್ಲಿ ಕೆಳಗೆ ಇಳಿದದ್ದು ಪರದೆಯ ಮೇಲೆ ಏರುತ್ತದೆ. ಹೀರಾಬಾಯಿ ನೋಡುತ್ತಿದ್ದಂತೆ ಕಪ್ಪು ಮೆಲ್ಲಗೆ ಮೇಲಕ್ಕೆ ಸರಿಯಿತು. ಗದ್ದ ಕಂಡಿತು. ತುಟಿ ಕಂಡಿತು. ಮೂಗಿನ ನತ್ತು ಕಂಡಿತು. ಮುಂದಿನದು ಹಾಕ್ರಿ ಎಂದು ಕೂಗಬೇಕು, ದನಿಯೇ ಇಲ್ಲ. ಪರದೆಯತ್ತ ತೋರಿಸಲು ಹಿಡಿದಿದ್ದ ಕೋಲು ಕೈಯಿಂದ ಬಿತ್ತು. ಅಮೀರ್ಬೀಯ ಎರಡೂ ಕಣ್ಣು ತೆರೆದುಕೊಂಡು ನೇರ ಮುಂದಿನ ಸಾಲನ್ನು ನೋಡತೊಡಗಿದವು.

ಸ್ಲೈಡೇ ಕರಗುತ್ತಿದೆ ಎಂದು ಅಯ್ಯಪ್ಪ ಗಾಬರಿಯಾಗಿ ಅದನ್ನು ತೆಗೆಯಲು ಹೋದ.

"ತಡಿಯೋ, ತೆಗೀಬ್ಯಾಡ," ಎಂದರು ಸಾಹುಕಾರರು. ಕುರ್ಚಿಯ ತುದಿಗೆ ಬಂದು, ಚಷ್ಮಾ ಸರಿ ಮಾಡಿಕೊಂಡು ಭಾಳ ಹೊತ್ತು ನೋಡಿದರು. ನನ್ನಿಂದ ಒಂದು ಮನೆಯ ರೊಟ್ಟಿ ಹೋಯಿತು ಎಂದುಕೊಂಡಳು ಹೀರಾಬಾಯಿ.

"ಪಾಪ!" ಎಂದು ಲೊಚಗುಟ್ಟಿದರು ಸಾಹುಕಾರರು. "ಯಾರ ಖಣಿಯಾಕಿ ಈಕಿ? ನಮ್ಮಲ್ಲಿ ಹಿಂಗೆಲ್ಲ ನಡಿಯಂಗಿಲ್ರಿ."

"ಗೊತ್ತಿಲ್ರಿ," ಎಂದಳು ಹೀರಾಬಾಯಿ, ತನಗೇ ಕೇಳದಷ್ಟು ಮೆಲ್ಲಗೆ. ಅಂಜಿಕೆ ಇಳಿಯಬೇಕಿತ್ತು. ಇಳಿಯಲಿಲ್ಲ, ಹೆಚ್ಚಾಯಿತು. ಯಾಕೆಂದು ಆಗ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಲ್ಲಿ ಶಹಾಬಾದಕ್ಕೆ ಹೋಗಿ, ಖಣಿಯ ಅಂಚಿನಲ್ಲಿ ಅಮೀರ್ಬೀಯನ್ನು ಹುಡುಕಿ, ಆದದ್ದನ್ನೆಲ್ಲ ಹೇಳಿ ಅತ್ತಳು. ಕೇಳುತ್ತ ಕೇಳುತ್ತ ಅಮೀರ್ಬೀಯ ಮುಖ ಬಿಳಿಚಿಕೊಂಡಿತು. ಸಾಹುಕಾರರು ಗುರುತು ಹಿಡಿಯಲಿಲ್ಲ ಎಂದಾಗ, "ಯಾ ಅಲ್ಲಾ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡು ಕಲ್ಲಿನ ಮೇಲೆ ಕುಸಿದು ಕೂತಳು. ಇಬ್ಬರೂ ಸ್ವಲ್ಪ ನಕ್ಕರು ಕೂಡ. ಆಮೇಲೆ ಅಮೀರ್ಬೀ ಎದ್ದು ಕಲ್ಲಿಗೆ ಕೈ ಹಾಕಿದವಳು, ಎತ್ತದೆ ಹಾಗೇ ನಿಂತಳು.

"ಪೂರಾ ಮಕ ಕಾಣ್ತಿತ್ತೇನವ್ವ?"

"ಪೂರಾ ಕಾಣ್ತಿತ್ರಿ ಅಕ್ಕಾ."

"ಚೆಂದಾಗಿ ನೋಡಿದ್ರೇನು?"

"ಭಾಳ ಹೊತ್ತು ನೋಡಿದ್ರು."

ಅಮೀರ್ಬೀ ಚಪ್ಪಟೆ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಲಗ್ನ ಆಗಿ ಈ ಊರಿಗೆ ಬಂದಾಗಿಂದ," ಎಂದಳು, "ಕೂಲಿ ಬಟವಾಡಿ ಅವರ ಕೈಲಿಂದೇ ತಗೊಳ್ಳಾಕತ್ತೀನಿ."